ಹೊಂಗೆ ನೆರಳಿನ ಲೇಖಕರು

ನಮ್ಮೂರ ಗ್ರಂಥಾಲಯದಲ್ಲಿ ಪುಸ್ತಕ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ, ಎರಡು ಬೀರು ತುಂಬ ಇದ್ದಾವೆ. ಆದರೆ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯೋ ಮುಂಚೆಯೇ ಜನ ಸಾಲು ನಿಲ್ಲೋದು ಪುಸ್ತಕಕ್ಕಲ್ಲ, ನೆರಳಿಗೆ. ಮರ ಬಿದ್ದ ಮೇಲೂ ನೆರಳು ನೆಲದ ಮೇಲೇ ಉಳಿದಿರುತ್ತಲ್ಲ, ಅದನ್ನ ಹೊತ್ತು ಮುಳುಗೋದರೊಳಗೆ ಚಾಪೆ ಸುತ್ತಿದ ಹಾಗೆ ಸುತ್ತಿ, ಬಾಳೆನಾರಲ್ಲಿ ಎರಡು ಕಟ್ಟು ಹಾಕಿ ನಮ್ಮಲ್ಲಿಗೆ ತಂದುಕೊಡ್ತಾರೆ. ರಸ್ತೆ ಅಗಲ ಮಾಡಿದ ಮೇಲಂತೂ ಊರಲ್ಲಿ ನಿಂತ ಮರಕ್ಕಿಂತ ನಮ್ಮಲ್ಲಿ ಸುತ್ತಿಟ್ಟ ನೆರಳೇ ಜಾಸ್ತಿ. ಹಿಂದಿನ ಕೋಣೆಯಲ್ಲಿ ಸೂರಿನವರೆಗೂ ಜೋಡಿಸಿದ್ದೀವಿ. ಮಧ್ಯಾಹ್ನ ಆ ಕೋಣೆಗೆ ಕಾಲಿಟ್ಟರೆ ಮೈಯೆಲ್ಲ ತಂಪು. ಯಾವುದೋ ಒಂದು ಸುರುಳಿಯ ಒಳಗಿಂದ ಗಿಳಿ ಕೂಗುತ್ತೆ, ಯಾವುದರೊಳಗಿಂದ ಅಂತ ಇವತ್ತಿಗೂ ಪತ್ತೆ ಆಗಿಲ್ಲ.

ನನ್ನ ಹೆಸರು ಸರ್ವಮಂಗಳ. ಹಾಗೆ ಕರೆದರೆ ನಾನೇ ತಿರುಗಿ ನೋಡಲ್ಲ, ಊರಿಗೆಲ್ಲ ನಾನು ಮಂಗಳಕ್ಕ. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೌಂಟರಲ್ಲಿ ಕೂತಿದ್ದೀನಿ. ಯಾರಿಗೆ ಯಾವ ನೆರಳು ಆಗಿಬರುತ್ತೆ ಅಂತ ಮುಖ ನೋಡಿಯೇ ಹೇಳ್ತೀನಿ. ಮಗುವಿಗೆ ಅಮ್ಮ ಬಂದಿರೋ ಮನೆಗೆ ಬೇವು. ಮದುವೆಗೆ ಆಲ, ಅದನ್ನ ಹೊರೋಕೆ ನಾಲ್ಕು ಜನ ಬೇಕು. ಹುಣಸೆಯನ್ನ ಮಲಗೋಕೆ ಅಂತ ಕೇಳಿದರೆ ಕೊಡಲ್ಲ. ಜಗಳ ಆಡೋದಿದ್ದರೆ ಒಯ್ಯಿರಿ ಅಂತೀನಿ. ಗುಲ್‌ಮೊಹರಿಗೆ ತೂತೇ ಜಾಸ್ತಿ, ಅದು ಫೋಟೋ ತೆಗೆಸಿಕೊಳ್ಳೋರಿಗೆ ಲಾಯಕ್ಕು. ಪಪ್ಪಾಯಿದು ಅಂಗೈಯಗಲ, ಕೋಳಿಮರಿ ಸಾಕೋರು ಒಯ್ಯುತ್ತಾರೆ. ಯಾರಿಗೇ ಕೊಡಲಿ, ಜೊತೆಗೆ ಒಂದು ಮಾತು ಕಟ್ಟಿಕೊಡ್ತೀನಿ: "ಮೂಲೆಗೆ ಇಡಬೇಡಿ, ಹಾಸಿ, ನಾಲ್ಕು ಜನ ಕೂತ್ಕೊಳ್ಳಿ. ಕೂತಷ್ಟೂ ನೆರಳು ಬೆಳೆಯುತ್ತೆ, ಸುತ್ತಿಟ್ಟರೆ ಸವೆಯುತ್ತೆ." ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನನ್ನನ್ನ ನೋಡಿಯೇ ಮಾಡಿದ ಗಾದೆ ಇರಬೇಕು.

ಈ ಸಲ ಬಿಸಿಲು ಏರೋ ಹೊತ್ತಿಗೆ ಮೇಲಿನ ಕಚೇರಿಯಿಂದ ಒಂದು ಕಂಪ್ಯೂಟರ್ ಬಂತು. ಅದರ ಹಿಂದೆಯೇ ತಬಸ್ಸುಮ್ ಬಂದಳು. ಇಪ್ಪತ್ತೈದು ವರ್ಷದ ಹುಡುಗಿ, ಹೆಗಲಲ್ಲಿ ಜೋಳಿಗೆಯಷ್ಟು ದೊಡ್ಡ ಬ್ಯಾಗು, ಮಾತು ಮಾತ್ರ ಮೆತ್ತಗೆ. ನಮ್ಮ ಗ್ರಂಥಪಾಲಕರು ಧರಣೇಂದ್ರಯ್ಯನವರಿಗೂ ನನಗೂ ಆ ಯಂತ್ರ ಕಲಿಸಿ, ಇದ್ದಬದ್ದ ನೆರಳನ್ನೆಲ್ಲ ಅದಕ್ಕೆ ಏರಿಸಿ ಹೋಗಬೇಕು ಅಂತ ಅವಳಿಗೆ ಆರ್ಡರು. ಧರಣೇಂದ್ರಯ್ಯನವರು ಮೊದಲ ದಿನವೇ ಹೊಸ ನೋಟ್‌ಬುಕ್ಕು ತಂದು, ಅಂಚಿಗೆ ಗೆರೆ ಹಾಕಿಕೊಂಡು ಕೂತರು. ನಾನು ಕೈ ಕಟ್ಟಿಕೊಂಡು ನಿಂತೆ.

"ಇದು ಒಂದೇ ಸಾಫ್ಟ್‌ವೇರು ಅಕ್ಕ, ಒಳಗೆ ಆರು ಮಾಡ್ಯೂಲ್ ಇದಾವೆ" ಅಂದಳು.

"ಮಾಡ್ಯೂಲ್ ಅಂದ್ರೆ ಏನಮ್ಮ? ನಮಗೆ ತಿಳಿಯೋ ಹಾಗೆ ಹೇಳು."

ಅವಳು ಸ್ವಲ್ಪ ಯೋಚನೆ ಮಾಡಿ, "ಮನೇಲಿ ಕೋಣೆಗಳು ಇರಲ್ವಾ, ಹಾಗೆ. ಒಂದೊಂದು ಕೋಣೆಗೆ ಒಂದೊಂದು ಕೆಲಸ" ಅಂದಳು. ಆಮೇಲೆ ಪರದೆ ಮೇಲೆ ಒಂದೊಂದನ್ನೇ ತೆಗೆದು ತೋರಿಸಿದಳು. ಮೊದಲನೆಯದು ಸ್ವೀಕಾರ, ಯಾರು ತಂದರು, ಯಾವತ್ತು ತಂದರು ಅಂತ ಬರೆದುಕೊಳ್ಳೋದು. ಬಂದವರು ಚಪ್ಪಲಿ ಬಿಡೋ ಜಗಲಿ ಅನ್ನು ಅಂತ ನಾನು ಅಂದೆ. ಎರಡನೆಯದು ಸೂಚಿ, ಬಂದದ್ದಕ್ಕೆ ಹೆಸರು, ಕುಲ, ಗುಣ, ನಂಬರು ಎಲ್ಲ ಕೊಡೋದು, ಅಂದರೆ ನಾಮಕರಣ. ಮೂರನೆಯದು ಸದಸ್ಯರು. ನಾಲ್ಕನೆಯದು ವಿತರಣೆ, ಕೊಡೋದು, ವಾಪಸ್ ತಗೊಳ್ಳೋದು, ಸರದಿ ಹಚ್ಚೋದು. ಐದನೆಯದು ನಿಯತಕಾಲಿಕ, ಪ್ರತಿ ವರ್ಷ ಬಂದು ಹೋಗೋದಕ್ಕೆ ಅದು. ಅವರೆ ಚಪ್ಪರ, ಹಾಗಲ ಚಪ್ಪರದ ನೆರಳೆಲ್ಲ ಅಲ್ಲಿಗೆ ಸೇರಿದವು. ಆರನೆಯದು ಹುಡುಕಾಟ, ಅದೊಂದು ಕಿಟಕಿ ಇದ್ದಂತೆ, ಊರಿನವರು ಯಾರು ಬೇಕಾದರೂ ಬಂದು ಹೊರಗಿನಿಂದ ಇಣುಕಿ ಏನಿದೆ ಏನಿಲ್ಲ ನೋಡಬಹುದು.

"ಒಂದು ನೆನಪಿಟ್ಟುಕೊಳ್ಳಿ ಅಕ್ಕ. ಜಗಲಿಗೆ ಬಂದದ್ದು ಹೆಸರು ಇಟ್ಟುಕೊಳ್ಳದೆ ಮುಂದಿನ ಕೋಣೆಗೆ ಹೋಗೋ ಹಾಗಿಲ್ಲ. ಹೆಸರಿಲ್ಲದ್ದನ್ನ ಯಾರಿಗೂ ಕೊಡೋಕೆ ಬರಲ್ಲ. ಮತ್ತೆ, ಒಂದು ಕೋಣೇಲಿ ಏನಾಯ್ತು ಅಂತ ಇನ್ನೊಂದಕ್ಕೆ ಗೊತ್ತಿರುತ್ತೆ."

"ಅಯ್ಯೋ ಶಿವನೇ, ನಾದಿನಿಯರು ತುಂಬಿದ ಮನೆ ಅನ್ನು" ಅಂದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಎದೆಯೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತ್ತು.

ಆ ಸಾಫ್ಟ್‌ವೇರನ್ನ ಮಾಡಿದವರು ಪುಸ್ತಕಕ್ಕೆ ಅಂತ ಮಾಡಿದ್ದರು. ನೆರಳಿನ ಊರು ಒಂದಿದೆ ಅಂತ ಅವರಿಗೇನು ಕನಸು ಬಿದ್ದಿತ್ತೇ? ಸೂಚಿಯ ಪುಟ ತೆಗೆದರೆ ಶೀರ್ಷಿಕೆ, ಲೇಖಕರು, ಪ್ರಕಾಶಕರು, ಪುಟಗಳ ಸಂಖ್ಯೆ. ಪಕ್ಕದಲ್ಲಿ ಕೆಂಪು ಚುಕ್ಕಿ; ಚುಕ್ಕಿ ಇರೋದನ್ನ ತುಂಬದಿದ್ದರೆ ಮುಂದೆ ಬಿಡಲ್ಲ. ಶೀರ್ಷಿಕೆ ಅಂದರೆ ಮರದ ಜಾತಿ, ಪ್ರಕಾಶಕರು ಅಂದರೆ ಬೀದಿ, ಪುಟ ಅಂದರೆ ಎಷ್ಟು ಜನ ಕೂರಬಹುದು ಅಂತ ಸುಲಭವಾಗಿ ತೀರ್ಮಾನ ಆಯ್ತು. ಲೇಖಕರು ಯಾರು ಅನ್ನೋದಕ್ಕೆ ಎರಡು ದಿನ ಹಿಡೀತು. ನೆಟ್ಟವರೇ ಲೇಖಕರು ಅಂದರು ಧರಣೇಂದ್ರಯ್ಯನವರು. "ಸರ್, ಬೀದಿ ಮರಗಳಲ್ಲಿ ಅರ್ಧ ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದು, ಕಾಗೆ ಅಂತ ಬರೆಯೋಣವಾ?" ಅಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಒಂದು ಆಜ್ಞೆ ಬರೆದು ಸಹಿ ಹಾಕಿದರು: ನೆಟ್ಟವರು ಗೊತ್ತಿಲ್ಲದ ಕಡೆ, ಆ ಮರದ ಕೆಳಗೆ ಎಲ್ಲರಿಗಿಂತ ಹೆಚ್ಚು ವರ್ಷ ಕೂತವರ ಹೆಸರನ್ನು ಲೇಖಕರು ಅಂತ ನಮೂದಿಸತಕ್ಕದ್ದು. ಒಳ್ಳೆ ಆಜ್ಞೆ ಅಂತ ನಾನೇ ಎಲ್ಲರಿಗಿಂತ ಮುಂಚೆ ಹೇಳಿದ್ದೆ.

ಎರಡು ತಿಂಗಳು ಕೂತು ಏರಿಸಿದೆವು. ಸ್ವೀಕಾರದ ಲೆಕ್ಕವನ್ನ ತಬಸ್ಸುಮ್ ಹಳೇ ರಿಜಿಸ್ಟರು ನೋಡಿ ಮೊದಲೇ ತುಂಬಿಕೊಂಡಿದ್ದಳು. ನಾನು ಸುರುಳಿ ಬಿಚ್ಚಿ, ಮೂಸಿ, ಅಳೆದು ಹೇಳ್ತಿದ್ದೆ, ಅವಳು ಟೈಪ್ ಮಾಡ್ತಿದ್ದಳು. ಆಮೇಲೆ ನನಗೂ ಒಂದು ಬೆರಳಲ್ಲಿ ಹೊಡೆಯೋದು ಬಂತು. ಹೊಂಗೆಯೇ ಹದಿನಾಲ್ಕು ಇದ್ದವು. ಒಂದರ ಲೇಖಕರು ಹೂ ಕಟ್ಟೋ ಚಂದ್ರವ್ವ, ಒಂದರ ಲೇಖಕರು ಕುಸ್ತಿ ಉಸ್ತಾದರು. ವಾಚನಾಲಯದ ನೆಲಕ್ಕೆ ಹಾಸಿರೋ ಹಳೇ ಅರಳಿ ನೆರಳಿಗೆ ಮಾತ್ರ "ಹೊರಗೆ ಕೊಡತಕ್ಕದ್ದಲ್ಲ" ಅಂತ ಗುರುತು ಹಾಕಿದೆವು. ಅದರಲ್ಲಿ ಕೂತು ಪೇಪರ್ ಓದೋರಿಗೆ ಎಲೆ ಇಲ್ಲದೆಯೇ ಎಲೆ ಸದ್ದು ಕೇಳುತ್ತೆ, ಅವರು ಅದಕ್ಕೆ ಒಗ್ಗಿ ಹೋಗಿದಾರೆ. ಕೊನೆಯ ಸುರುಳಿ ಏರಿಸಿದ ದಿನ ತಬಸ್ಸುಮ್ ಒಂದು ಗುಂಡಿ ಒತ್ತಿದಳು. ಪರದೆ ಮೇಲೆ ಬಂತು: ಸ್ವೀಕಾರ 612, ಸೂಚಿ 611, ಬಾಕಿ 1.

"ಅಕ್ಕ, ಒಂದು ಜಗಲಿ ಮೇಲೇ ಉಳಿದುಬಿಟ್ಟಿದೆ."

"ಎಣಿಕೆ ತಪ್ಪಿರಬೇಕು ಬಿಡು" ಅಂದೆ.

"ಯಂತ್ರ ಎಣಿಕೆ ತಪ್ಪಲ್ಲ ಅಕ್ಕ. ಹನ್ನೊಂದು ವರ್ಷದ ಹಿಂದೆ ಬಂದಿರೋದು. ರಿಜಿಸ್ಟರಲ್ಲಿ ಬರೆದಿರೋ ಕೈ ಬರಹ ನಿಮ್ಮದೇ ಇದೆ."

"ಆವಾಗ ನನಗೆ ಕಣ್ಣು ಸರಿ ಇರಲಿಲ್ಲ" ಅಂತ ಸುಳ್ಳು ಹೇಳಿ, ನೀರು ಕುಡಿಯೋ ನೆವ ಮಾಡಿಕೊಂಡು ಎದ್ದುಹೋದೆ.

ಆ ಒಂದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಹಿಂದಿನ ಕೋಣೇಲಿ, ಹಳೇ ಗೆಜೆಟ್ಟುಗಳ ಹಿಂದೆ, ನನ್ನ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೆ. ಅದು ನಮ್ಮನೆಯವರ ಹೊಂಗೆ ನೆರಳು.

ನಮ್ಮನೆಯವರು ಕೊಡೆ ರಿಪೇರಿ ಮಾಡ್ತಿದ್ದರು. ನೆರಳು ಎರವಲು ಸಿಗೋ ಊರಲ್ಲಿ ಕೊಡೆ ರಿಪೇರಿ ಇಟ್ಟಿದಾನಲ್ಲ ಅಂತ ಜನ ಆಡಿಕೊಳ್ತಿದ್ದರು. ಅವರು ನಕ್ಕು, ಹೊಂಗೆ ಮರದ ಕೆಳಗೆ ಮಣೆ ಹಾಕಿಕೊಂಡು, ಕಡ್ಡಿ ಕಟ್ಟೋದು, ಬಟ್ಟೆ ಹೊಲಿಯೋದು ಮಾಡ್ತಾ ಮೂವತ್ತು ವರ್ಷ ಅಲ್ಲೇ ಕೂತರು. ದಾರಿಯಲ್ಲಿ ಹೋಗೋರು ಯಾರೇ ಇರಲಿ, "ಬರ್ರಿ, ಒಂದು ನಿಮಿಷ ಕೂತು ಹೋಗ್ರಿ" ಅಂತ ಕರೀತಿದ್ದರು. ಕೂರೋಕೆ ಜಾಗ ಇಲ್ಲದಿದ್ದರೆ ತಾವೇ ಮಣೆ ಸಮೇತ ಬಿಸಿಲಿಗೆ ಸರಿದುಕೊಳ್ತಿದ್ದರು. ಅವರು ಅಲ್ಲಿ ಇಲ್ಲದಾಗ ಜನ ಮನೆ ಹತ್ತಿರ ಬಂದು, ಹೆಸರು ಹಿಡಿದು, ಇದಾರಾ ಅಂತ ಕೇಳೋರು. ನಾನು ಒಲೆ ಮುಂದಿಂದ ಏಳದೆಯೇ, "ಹೊರಗೆ ಹೋಗಿದಾರೆ, ಬರ್ತಾರೆ" ಅಂತಿದ್ದೆ. ದಿನಕ್ಕೆ ನಾಲ್ಕು ಸಲ ಹೇಳ್ತಿದ್ದ ಮಾತು ಅದು. ಅವರು ತೀರಿಕೊಂಡ ಮೇಲೂ ಸುತ್ತಲ ಹಳ್ಳಿಯವರಿಗೆ ಗೊತ್ತಾಗದೆ, ಮುರಿದ ಕೊಡೆ ಹಿಡಿದುಕೊಂಡು ಬಂದು ಕೇಳ್ತಾನೇ ಇದ್ದರು. ಏನಂತ ಹೇಳಲಿ? ಬಾಗಿಲು ಹಾಕಿಕೊಳ್ಳೋದು ಕಲಿತೆ.

ಅವರು ಹೋಗಿ ಎಂಟು ತಿಂಗಳಿಗೆ ರಸ್ತೆ ಅಗಲ ಮಾಡೋರು ಆ ಮರವನ್ನೂ ಕಡಿದರು. ನೆರಳು ಸುತ್ತಿಕೊಂಡು ಕೂಲಿಯವರು ನನ್ನ ಕೌಂಟರಿಗೇ ತಂದು ಹಾಕಿದರು. ಬಂದದ್ದರ ರಿಜಿಸ್ಟರಲ್ಲಿ ತಾರೀಖು ಬರೆದೆ. ಸೂಚಿಯ ರಿಜಿಸ್ಟರಲ್ಲಿ ಬರೆಯಲಿಲ್ಲ. ಬರೆದರೆ ನಾಳೆ ಯಾರೋ ಬಂದು ಕೇಳ್ತಾರೆ, ಕೊಡಬೇಕಾಗುತ್ತೆ. ಯಾರಿಗಾದರೂ ಕೊಡೋಕೆ ನನ್ನಿಂದ ಆಗಲ್ಲ ಅನ್ನಿಸಿತು. ವರ್ಷಕ್ಕೊಂದು ಸಲ, ಅವರು ಹೋದ ದಿನ, ಮಧ್ಯಾಹ್ನ ಊಟದ ಹೊತ್ತಲ್ಲಿ ಹಿಂದಿನ ಅಂಗಳಕ್ಕೆ ತಂದು ಹಾಸಿ, ಒಬ್ಬಳೇ ಕೂತು ಎದ್ದು ಬರ್ತಿದ್ದೆ. ಹೊಂಗೆ ಹೂವಿನ ವಾಸನೆ, ಹಳೇ ಕೊಡೆ ಬಟ್ಟೆ ವಾಸನೆ. ಅವರ ಮಣೆ ಇದ್ದ ಜಾಗ ಮಾತ್ರ ಸ್ವಲ್ಪ ಜಾಸ್ತಿ ಕಪ್ಪು. ಮೊದಲ ವರ್ಷ ಏಳು ಜನ ಕೂರಬಹುದಿತ್ತು. ಆಮೇಲೆ ಐದು, ಆಮೇಲೆ ಮೂರು. ಕಣ್ಣು ಮಂಜಾಗಿದೆ, ಅದಕ್ಕೆ ಹಾಗೆ ಕಾಣುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ.

ಬಾಕಿ 1 ಅನ್ನೋದು ದಿನಾ ಬೆಳಿಗ್ಗೆ ಕೆಂಪಗೆ ಕಾಣೋಕೆ ಶುರುವಾಯ್ತು. ತಬಸ್ಸುಮ್ ಮತ್ತೆ ಕೇಳಲಿಲ್ಲ. ಕೇಳಿದ್ದರೇ ವಾಸಿ ಇತ್ತು. ಶನಿವಾರ ಅವಳು ಊರಿಗೆ ಹೊರಡೋದಿತ್ತು. ಗುರುವಾರ ಮಧ್ಯಾಹ್ನ ನಾನು ತಡೆಯಲಾರದೆ, ಅವರು ಹೋದ ದಿನ ಅಲ್ಲದಿದ್ದರೂ, ಸೀರೆ ಗಂಟು ಬಿಚ್ಚಿ ಅಂಗಳದಲ್ಲಿ ಹಾಸಿದೆ. ಹಾಸಿ ಕೂತೆ. ಕಾಲು ಚಾಚಿದರೆ ಮೊಣಕಾಲಿಂದ ಕೆಳಗೆ ಬಿಸಿಲು. ಎಳೆದುಕೊಂಡು ಕೂತರೆ ಹೆಗಲ ಮೇಲೆ ಬಿಸಿಲು. ಅಂಚೆಲ್ಲ ಹಳೇ ಸೀರೆ ಸೆರಗಿನ ಹಾಗೆ ಸವೆದು, ನೆಲದ ಕಲ್ಲು ಕಾಣ್ತಿತ್ತು. ಮುಂದಿನ ವರ್ಷ ಇದು ಇರಲ್ಲ ಅಂತ ಆವಾಗ ಗೊತ್ತಾಯ್ತು. ಇಪ್ಪತ್ತಾರು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು, ನನ್ನ ಕೈಯಾರೆ ಇದನ್ನ ಸವೆಸಿಬಿಟ್ಟಿದ್ದೆ.

ತಲೆ ಎತ್ತಿದರೆ ಬಾಗಿಲಲ್ಲಿ ತಬಸ್ಸುಮ್ ನಿಂತಿದ್ದಳು, ಕೈಯಲ್ಲಿ ಊಟದ ಡಬ್ಬಿ. ಅವಳು ನೆರಳನ್ನ ನೋಡಿದಳು, ನನ್ನನ್ನ ನೋಡಿದಳು, ಬಾಕಿ ಅಂತ ಒಂದು ಮಾತೂ ಎತ್ತಲಿಲ್ಲ. ಹತ್ತಿರ ಬಂದು, "ಅಕ್ಕ, ಸ್ವಲ್ಪ ಸರೀರಿ, ನಾನೂ ಕೂರ್ತೀನಿ" ಅಂದಳು.

ಸರಿಯೋಕೆ ಹೋದೆ. ಎಲ್ಲಿಗೆ ಸರಿಯೋದು? ಜಾಗವೇ ಇರಲಿಲ್ಲ. ಆ ಹುಡುಗಿ ಉರಿಬಿಸಿಲಲ್ಲಿ, ಕಾದ ಕಲ್ಲಿನ ಮೇಲೆ ಕಾಲು ಬದಲಾಯಿಸ್ತಾ, "ಪರವಾಗಿಲ್ಲ ಬಿಡಿ" ಅಂತ ನಿಂತೇ ಡಬ್ಬಿ ತೆಗೆದಳು. ಆ ನೆರಳಿನ ಮುಂದೆ ಯಾರನ್ನೂ ಬಿಸಿಲಲ್ಲಿ ನಿಲ್ಲಿಸಿದ್ದಿಲ್ಲ ನಮ್ಮನೆಯವರು. ನನಗೆ ನಾಚಿಕೆಯಿಂದ ಅಳು ಬಂತು. ಎಲ್ಲಾ ಹೇಳಿಬಿಟ್ಟೆ ಅವಳಿಗೆ, ಮಣೆ, ಕೊಡೆ, ಸೀರೆ ಗಂಟು, ರಿಜಿಸ್ಟರು, ಒಂದೂ ಬಿಡದೆ.

ಅವಳು ಪೂರ್ತಿ ಕೇಳಿಸಿಕೊಂಡು, "ಇದು ಬೆಳೀಬೇಕು ಅಂದ್ರೆ ಏನು ಮಾಡಬೇಕು ಅಕ್ಕ?" ಅಂದಳು.

"ಜನ ಕೂರಬೇಕು."

"ಜನಕ್ಕೆ ಕೊಡಬೇಕು ಅಂದ್ರೆ?"

"ಹೆಸರಿಡಬೇಕು" ಅಂದೆ. ಆ ಆರು ಕೋಣೆಯ ಮನೆ ನನಗೆ ಅರ್ಥವಾಗಿದ್ದು ಆ ಅಂಗಳದಲ್ಲಿ. ಹನ್ನೊಂದು ವರ್ಷ ನಾನು ಅವರನ್ನ ಜಗಲಿ ಮೇಲೇ ನಿಲ್ಲಿಸಿಬಿಟ್ಟಿದ್ದೆ. ಒಳಗೂ ಕರೆದಿರಲಿಲ್ಲ, ಹೊರಗೂ ಬಿಟ್ಟಿರಲಿಲ್ಲ.

ಕೈ ಮುಖ ತೊಳೆದು ಇಬ್ಬರೂ ಕಂಪ್ಯೂಟರ್ ಮುಂದೆ ಕೂತೆವು. ಶೀರ್ಷಿಕೆ: ಹೊಂಗೆ. ಬೀದಿ: ಹಳೇ ಸಂತೆ ಬೀದಿ. ಕೂರಬಹುದಾದ ಜನ: 1. ಆಮೇಲೆ ಲೇಖಕರು, ಪಕ್ಕದಲ್ಲಿ ಕೆಂಪು ಚುಕ್ಕಿ. ಆ ಮರ ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಧರಣೇಂದ್ರಯ್ಯನವರ ಆಜ್ಞೆ ಪ್ರಕಾರ, ಎಲ್ಲರಿಗಿಂತ ಹೆಚ್ಚು ವರ್ಷ ಕೂತವರ ಹೆಸರು.

"ಹೇಳಿ ಅಕ್ಕ, ಹೊಡೀತೀನಿ" ಅಂದಳು ತಬಸ್ಸುಮ್.

ನನ್ನ ಬಾಯಿ ತೆರೀಲಿಲ್ಲ. ಗಂಡನ ಹೆಸರು ನಾನು ಯಾವತ್ತೂ ಹೇಳಿದವಳಲ್ಲ. ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಮದುವೆಯಾಗಿ ಹೊಸ್ತಿಲ ಮೇಲೆ ನಿಲ್ಲಿಸಿ, ಒಡಪು ಕಟ್ಟಿ ಗಂಡನ ಹೆಸರು ಹೇಳು ಅಂತ ಹೆಂಗಸರೆಲ್ಲ ದಾರಿ ಕಟ್ಟಿದಾಗಲೂ ನಾನು ಬಾಗಿ, ಅವರ ತೋಳ ಕೆಳಗೆ ನುಸುಳಿ ಒಳಗೆ ಓಡಿಹೋಗಿದ್ದೆ. ನಮ್ಮನೆಯವರು ಅದನ್ನ ನೆನೆಸಿಕೊಂಡು ಸಾಯೋವರೆಗೂ ನಗ್ತಿದ್ದರು. ನನ್ನ ಹೆಸರು ಹೇಳದೆ ಒಳಗೆ ಬಂದ ಕಳ್ಳಿ ನೀನು ಅಂತಿದ್ದರು. ಈಗ ಇನ್ನೆಲ್ಲಿಯ ಆಯಸ್ಸು? ಆದರೂ ನಾಲಿಗೆ ಏಳಲಿಲ್ಲ.

"ಈ ಕಡೆ ಕೊಡು" ಅಂದೆ. ಕೀಬೋರ್ಡು ನನ್ನ ಮುಂದೆ ಎಳೆದುಕೊಂಡೆ. ಬಾಯಲ್ಲಿ ತಾನೇ ಹೇಳಬಾರದು, ಬೆರಳಲ್ಲಿ ಹೇಳಬಾರದು ಅಂತ ನಮ್ಮವ್ವ ಹೇಳಿರಲಿಲ್ಲವಲ್ಲ. ತಬಸ್ಸುಮ್ ಎದ್ದು, ಕಿಟಕಿ ಕಡೆ ಮುಖ ಮಾಡಿ ನಿಂತಳು. ಮೂರನೇ ಅಕ್ಷರಕ್ಕೆ ಒತ್ತು ಎಲ್ಲಿದೆ ಅಂತ ಸಿಗಲಿಲ್ಲ, ಎರಡು ಸಲ ತಪ್ಪಿತು, ಅಳಿಸಿ ಮತ್ತೆ ಹೊಡೆದೆ. ಪೂರ್ತಿ ಹೆಸರು ಪರದೆ ಮೇಲೆ ಬಂದಾಗ ಸುಮ್ಮನೆ ನೋಡ್ತಾ ಕೂತೆ. ಅಷ್ಟು ವರ್ಷದಲ್ಲಿ ಅದನ್ನ ನಾನು ಬರೆದದ್ದು ಅದೇ ಮೊದಲು. ಉಳಿಸು ಅನ್ನೋ ಗುಂಡಿ ಒತ್ತಿದೆ. ಬಾಕಿ 0 ಅಂತ ಬಂತು.

ಮಾರನೇ ದಿನವೇ ಬಸ್‌ಸ್ಟ್ಯಾಂಡಲ್ಲಿ ಕಡಲೆಕಾಯಿ ಮಾರೋ ಗೌರಜ್ಜಿ ಬಂದಳು. "ಒಬ್ಬಳೇ ಕೂರೋವಷ್ಟು ಯಾವುದಾದರೂ ಕೊಡವ್ವ, ದೊಡ್ಡದು ಹೊರೋಕೆ ಆಗಲ್ಲ" ಅಂದಳು. ಒಬ್ಬರು ಕೂರೋವಷ್ಟಿದ್ದ ಹೊಂಗೆ ನಮ್ಮಲ್ಲಿ ಒಂದೇ ಇತ್ತು. ಸುರುಳಿಯನ್ನ ಅವಳ ಕೈಗೆ ಕೊಡುವಾಗ ನನ್ನ ಕೈ ಬಿಡ್ತಿರಲಿಲ್ಲ. "ಏನವ್ವ, ಕೊಡ್ತೀಯೋ ಇಟ್ಕೊಳ್ತೀಯೋ?" ಅಂತ ಅಜ್ಜಿ ಗದರಿದಳು. ಕೊಟ್ಟೆ. ಅಭ್ಯಾಸದ ಮಾತು ತಾನಾಗೇ ಬಂತು, "ಮೂಲೆಗೆ ಇಡಬೇಡ ಅಜ್ಜಿ, ಹಾಸಿ ಕೂತ್ಕೋ." ಶನಿವಾರ ತಬಸ್ಸುಮ್ ಬಸ್ಸು ಹತ್ತೋಕೆ ಹೋದಾಗ ಅಜ್ಜಿ ಅವಳನ್ನ ಕರೆದು ಆ ನೆರಳಲ್ಲಿ ಕೂರಿಸಿ, ಒಂದು ಬೊಗಸೆ ಕಡಲೆಕಾಯಿ ಕೊಟ್ಟಳಂತೆ. ಆಮೇಲೆ ತಬಸ್ಸುಮ್ ಫೋನ್ ಮಾಡಿ ಹೇಳಿದಳು, ಅಕ್ಕ, ಇಬ್ಬರಿಗೂ ಅರ್ಧಂಬರ್ಧ ಜಾಗ ಆಯ್ತು ಅಂತ.

ಹದಿನೈದು ದಿನಕ್ಕೆ ಅಜ್ಜಿ ತಂದಾಗ ಬಿಚ್ಚಿ ನೋಡಿದೆ. ಧಾರಾಳವಾಗಿ ಇಬ್ಬರು. 1 ಅಳಿಸಿ 2 ಹೊಡೆದೆ. ಆಮೇಲೆ ಬಳೆಗಾರರು ಒಯ್ದರು, ಆಮೇಲೆ ಕಲ್ಲು ಒಡೆಯೋ ಹೆಂಗಸರು, ಆಮೇಲೆ ಒಂದು ಬಾಣಂತಿ ಮನೆ. ವಾಪಸ್ ಬಂದಾಗಲೆಲ್ಲ ಕಡಲೆ ಸಿಪ್ಪೆಯದೋ, ಮಗುವಿನ ಎಣ್ಣೆಯದೋ ಒಂದೊಂದು ಹೊಸ ವಾಸನೆ. ಮೊದಮೊದಲು ಸಿಟ್ಟು ಬಂತು. ಆದರೆ ಕೆಳಗಿನ ಹೊಂಗೆ ವಾಸನೆ ಹೋಗಿರಲಿಲ್ಲ, ಇನ್ನೂ ಗಾಢ ಆಗಿತ್ತು, ಮಣೆ ಇದ್ದ ಜಾಗ ಕೈ ಇಟ್ಟರೆ ತಣ್ಣಗೆ ಕೊರೀತಿತ್ತು. ಈಗ ಅದರಲ್ಲಿ ಒಂಬತ್ತು ಜನ ಕೂರಬಹುದು. ಅವರು ಬದುಕಿದ್ದಾಗಲೂ ಅಷ್ಟು ಇರಲಿಲ್ಲ. ನಾನೂ ಒಂದು ಸದಸ್ಯತ್ವದ ಕಾರ್ಡು ಮಾಡಿಸಿಕೊಂಡು ಸರದಿ ಹಚ್ಚಿದ್ದೀನಿ, ಇಪ್ಪತ್ತಮೂರನೆಯದು. ಕೌಂಟರಲ್ಲಿ ಕೂತಿರೋಳು ನಾನೇ, ಹೆಸರು ಮೇಲಕ್ಕೆ ತಳ್ಳಿಕೊಳ್ಳೋದು ಎಷ್ಟು ಹೊತ್ತಿನ ಕೆಲಸ? ತಳ್ಳಿಕೊಳ್ಳಲ್ಲ.

ಹೋದ ಸೋಮವಾರ, ಸಾಲು ಇನ್ನೂ ಕರಗಿರಲಿಲ್ಲ. ನೇಕಾರರ ಓಣಿಯ ಒಬ್ಬ ಸೊಸೆ ಹುಡುಕಾಟದ ಕಿಟಕೀಲಿ ನೋಡಿಕೊಂಡು ಕೌಂಟರಿಗೆ ಬಂದಳು. ನಮ್ಮಲ್ಲಿ ಹೊಂಗೆ ಹದಿನೈದು. ಬರೀ ಹೊಂಗೆ ಅಂದರೆ ಯಾವುದು ಅಂತ ತಿಳಿಯಲ್ಲ, ಅದಕ್ಕೆ ಜನ ಲೇಖಕರ ಹೆಸರು ಹಿಡಿದೇ ಕೇಳೋಕೆ ಶುರು ಮಾಡಿದಾರೆ. ಅವಳು ಬಿಸಿಲಿಂದ ಬಂದವಳು, ಸೆರಗಲ್ಲಿ ಕತ್ತು ಒರೆಸಿಕೊಳ್ತಾ ಕೇಳಿದಳು:

"ಅಕ್ಕ, ಪಾಲಾಕ್ಷಪ್ಪ ಇದಾರಾ?"

ಹನ್ನೊಂದು ವರ್ಷ ಆಗಿತ್ತು ಹಾಗೆ ಯಾರೂ ಬಂದು ಕೇಳಿ. ಪರದೆ ಮೇಲೆ ವಾಪಸ್ ಬರೋ ತಾರೀಖು ನೋಡಿದೆ.

"ಹೊರಗೆ ಹೋಗಿದಾರೆ" ಅಂದೆ. "ಗುರುವಾರ ಬರ್ತಾರೆ."